ಅಂತರ್ಯುದ್ಧದಲ್ಲಿ ಒಡೆದ ಕುಟುಂಬದ ಕತೆ ಬರೆಯುವುದು ಹೇಗೆ

ಯುದ್ಧದ ಕತೆ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲ ಪುಟದಲ್ಲೇ ಬಾಂಬ್ ಹಾಕಿಸಿಬಿಡುತ್ತಾರೆ. ಎರಡನೇ ಪುಟದಲ್ಲಿ ಅಳು, ಮೂರನೆಯದರಲ್ಲಿ ದೋಣಿ, ಕೊನೆಗೆ ಇಪ್ಪತ್ತು ವರ್ಷ ಆದಮೇಲೆ ವಿಮಾನ ನಿಲ್ದಾಣದಲ್ಲಿ ಅಪ್ಪಿಕೊಂಡು ಅಳುವುದು. ಓದುಗ ಪಾಪ ಅನ್ನುತ್ತಾನೆ, ಪುಸ್ತಕ ಮುಚ್ಚುತ್ತಾನೆ. ಒಬ್ಬರ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ. ಬಾಂಬ್ ಬೀಳುವ ಹಿಂದಿನ ದಿನ ಆ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ನಾವು ಹೇಳಲೇ ಇಲ್ಲವಲ್ಲ.

ನನ್ನ ಪ್ರಕಾರ ಇಂಥ ಕತೆಗಳ ಗುಟ್ಟು ಒಂದೇ. ಅಣ್ಣತಮ್ಮ, ಅಪ್ಪಮಗಳು ಮಾತು ಬಿಡುವುದಕ್ಕೆ ಯುದ್ಧ ಬೇಕಾಗಿಲ್ಲ. ಎಲ್ಲ ಮನೆಯಲ್ಲೂ ಬಿಡುತ್ತಾರೆ, ಆಮೇಲೆ ಯಾರದೋ ಮದುವೆಗೋ ಸಾವಿಗೋ ಸೇರಿದಾಗ ಹೇಗೋ ಸರಿಹೋಗುತ್ತದೆ. ಯುದ್ಧ ಕಿತ್ತುಕೊಳ್ಳುವುದು ಆ ಸರಿಹೋಗುವ ದಾರಿಯನ್ನು. ಮದುವೆಗೆ ಬರಲು ರೈಲಿಲ್ಲ, ಸಾವಿನ ಸುದ್ದಿ ತಿಂಗಳು ಕಳೆದು ತಲುಪುತ್ತದೆ, ಚಿಕ್ಕದೊಂದು ಜಗಳ ಹಾಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಆದ್ದರಿಂದ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಯುದ್ಧ ಬಾರದೇ ಇದ್ದಿದ್ದರೆ ಈ ಮನೆಯವರು ಯಾವ ವಿಷಯಕ್ಕೆ ಜಗಳ ಆಡುತ್ತಿದ್ದರು? ಉತ್ತರ ಗೊತ್ತಿಲ್ಲ ಅಂದರೆ ಪೆನ್ನು ಕೆಳಗಿಡಿ.

ಗಾಳಿಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಶ್ರೀಲಂಕಾವನ್ನು ಇಟ್ಟುಕೊಂಡು, ಕಾಲ್ಪನಿಕವಾದ ಒಂದು ಮನೆ ಕಟ್ಟುತ್ತಾ ಹೋಗೋಣ.

ಮೊದಲು ಮನೆ, ಆಮೇಲೆ ಯುದ್ಧ

ಉತ್ತರ ಶ್ರೀಲಂಕಾದ ಜಾಫ್ನಾದ ಹತ್ತಿರ ಒಂದು ತಮಿಳು ಕುಟುಂಬ. ಅಪ್ಪ ಕೊಲಂಬೊದಲ್ಲಿ ಸರ್ಕಾರಿ ಗುಮಾಸ್ತ, ರಜೆ ಸಿಕ್ಕಾಗ ಯಾಳ್‌ದೇವಿ ರೈಲು ಹತ್ತಿ ಊರಿಗೆ ಬರುವವನು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಅಂತ ಕಾನೂನು ಬಂತು. ಕೆಲಸ ಉಳಿಯಬೇಕು, ಬಡ್ತಿ ಸಿಗಬೇಕು ಅಂದರೆ ಸಿಂಹಳ ಪರೀಕ್ಷೆ ಪಾಸಾಗಬೇಕು. ಅವನು ಹಲ್ಲು ಕಚ್ಚಿಕೊಂಡು ಕಲಿತ. ಮೂವರು ಮಕ್ಕಳು. ದೊಡ್ಡವಳು 1955ರಲ್ಲಿ ಹುಟ್ಟಿದವಳು, ನಡುವಿನವನು 1962, ಕಿರಿಯವನು 1970.

ಈಗ ಜಗಳ. ಜಾಫ್ನಾ ತಮಿಳರಿಗೆ ತೇಶವಳಮೈ ಅಂತ ಅವರದ್ದೇ ಆಸ್ತಿ ಕಟ್ಟಳೆ ಇದೆ. ಮದುವೆಯಲ್ಲಿ ಹೆಣ್ಣುಮಕ್ಕಳಿಗೆ ಸೀದನ ಅಂತ ಮನೆ, ಜಮೀನು ಬರೆದುಕೊಡುವುದು ರೂಢಿ. ನಮ್ಮ ಅಪ್ಪನೂ ದೊಡ್ಡವಳಿಗೇ ಮನೆ ಅಂತ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದಾನೆ. ಅವಳು 1981ರಲ್ಲಿ ಕೊಲಂಬೊದಲ್ಲಿ ಜೊತೆಗೆ ಕೆಲಸ ಮಾಡುವ ಸಿಂಹಳ ಹುಡುಗನನ್ನು ಮದುವೆಯಾಗುತ್ತಾಳೆ. ಅಪ್ಪ ಕೂಗಾಡುವುದಿಲ್ಲ. ಮನೆಯ ಪತ್ರ ಅವಳ ಹೆಸರಿಗೆ ಬರೆಸುವುದಿಲ್ಲ, ಅಷ್ಟೇ. ಯಾವಾಗ ಕೇಳಿದರೂ ನೋಟರಿ ಊರಲ್ಲಿಲ್ಲ ಅನ್ನುತ್ತಾನೆ.

ಇಷ್ಟು ಸಿಕ್ಕರೆ ಅರ್ಧ ಕಾದಂಬರಿ ಸಿಕ್ಕ ಹಾಗೆ. ಇಲ್ಲಿವರೆಗೆ ಒಂದು ಗುಂಡೂ ಹಾರಿಲ್ಲ ನೋಡಿ.

ವಯಸ್ಸಿನ ಪಟ್ಟಿ

ಇದು ಬೇಜಾರಿನ ಕೆಲಸ, ಬಿಡಬೇಡಿ. ಒಂದು ಹಾಳೆಯಲ್ಲಿ ಎಡಕ್ಕೆ ಇಸವಿಗಳು, ಮೇಲೆ ಮನೆಯವರು. ಶ್ರೀಲಂಕಾ ಆದರೆ 1956, 1971, 1981, 1983, 1987, 1990, 1995, 2002, 2006, 2009 ಸಾಕು. ಪ್ರತಿ ಚೌಕದಲ್ಲಿ ಆ ವರ್ಷ ಆ ವ್ಯಕ್ತಿಗೆ ಎಷ್ಟು ವಯಸ್ಸು, ಯಾವ ಊರಲ್ಲಿದ್ದ ಅಂತ ಬರೆಯಿರಿ.

ಪಟ್ಟಿ ತುಂಬಿದ ಕೂಡಲೇ ಪಾತ್ರಗಳು ತಾವೇ ಮಾತಾಡಲು ಶುರು ಮಾಡುತ್ತವೆ. 1971ರಿಂದ ವಿಶ್ವವಿದ್ಯಾಲಯದ ಸೀಟು ಹಂಚುವ ನಿಯಮ ಬದಲಾಗುತ್ತಾ ಹೋಗಿ ಜಾಫ್ನಾದ ತಮಿಳು ಹುಡುಗರಿಗೆ ಜಾಸ್ತಿ ಅಂಕ ಬೇಕಾಯಿತು. ನಡುವಿನವನು ಪರೀಕ್ಷೆ ಬರೆಯುವ ಹೊತ್ತಿಗೆ ಇದು ಸರಿಯಾಗಿ ಅವನ ತಲೆಯ ಮೇಲೆ ಬೀಳುತ್ತದೆ. ಒಮ್ಮೆ ಸೀಟು ತಪ್ಪಿತು, ಇನ್ನೊಮ್ಮೆ ಬರೆಯೋಣ ಅಂತ ಜಾಫ್ನಾ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದುತ್ತಾನೆ. ಆ ಗ್ರಂಥಾಲಯ 1981ರ ಜೂನ್ 1ರ ನಸುಕಿಗೆ ಉರಿದುಹೋಯಿತು, ಸುಮಾರು 97 ಸಾವಿರ ಪುಸ್ತಕ ಮತ್ತು ಹಸ್ತಪ್ರತಿಗಳ ಸಮೇತ. ಇತಿಹಾಸದ ಪುಸ್ತಕಕ್ಕೆ ಅದು ಸಂಸ್ಕೃತಿಯ ನಾಶ. ನಮ್ಮ ಹುಡುಗನಿಗೆ ಅವನು ದಿನಾ ಕೂರುತ್ತಿದ್ದ ಮೇಜು ಹೋಯಿತು. ನೀವು ಬರೆಯಬೇಕಾದದ್ದು ಮೇಜನ್ನು.

ಕಿರಿಯವನಿಗೆ 1983ರಲ್ಲಿ ಹದಿಮೂರು, 1990ರಲ್ಲಿ ಇಪ್ಪತ್ತು. ಅಣ್ಣ 1986ರಲ್ಲಿ ಟೊರಾಂಟೊ ಸೇರುತ್ತಾನೆ, ತಮ್ಮ ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದ ಎಲ್‌ಟಿಟಿಇ ಸೇರಿ ಕಾಡಿಗೆ ಹೋಗುತ್ತಾನೆ. ಇಬ್ಬರ ನಡುವೆ ಸಿದ್ಧಾಂತದ ವ್ಯತ್ಯಾಸ ಹುಡುಕುವುದಕ್ಕಿಂತ ಈ ಎಂಟು ವರ್ಷದ ಅಂತರ ನೋಡಿ. ದುಡ್ಡು ಹೊಂದಿಸಿ ಒಬ್ಬನನ್ನು ಹೊರಗೆ ಕಳಿಸಲು ಅಪ್ಪನಿಗೆ ಆಯಿತು, ಇಬ್ಬರನ್ನು ಕಳಿಸಲು ಆಗಲಿಲ್ಲ. ಈ ಲೆಕ್ಕವನ್ನು ತಮ್ಮ ಯಾವತ್ತೂ ಬಾಯಿಬಿಟ್ಟು ಹೇಳದೇ ಇರಲಿ.

ಎರಡೇ ಕಡೆ ಅಂತ ಅಂದುಕೊಳ್ಳಬೇಡಿ

ತಮಿಳರು ಒಂದು ಕಡೆ, ಸಿಂಹಳೀಯರು ಇನ್ನೊಂದು ಕಡೆ ಅಂತ ಗೆರೆ ಎಳೆದು ಬರೆದ ಕತೆ ಪತ್ರಿಕೆಯ ಸುದ್ದಿಯ ಹಾಗೆ ಓದಿಸಿಕೊಳ್ಳುತ್ತದೆ. ನಿಜದಲ್ಲಿ ಗೆರೆಗಳು ಜಾಸ್ತಿ ಇದ್ದವು, ಅಡ್ಡಾದಿಡ್ಡಿ ಇದ್ದವು. 1986ರಲ್ಲಿ ಎಲ್‌ಟಿಟಿಇ ಇನ್ನೊಂದು ತಮಿಳು ಗುಂಪಾದ ಟೆಲೋವನ್ನು ಮುಗಿಸಿಹಾಕಿತು. ಹಾಗಾಗಿ ಸಿಂಹಳೀಯರ ಸುದ್ದಿಯೇ ಇಲ್ಲದೆ ಒಂದೇ ತಮಿಳು ಮನೆ ಒಡೆಯಬಹುದಿತ್ತು. ದಕ್ಷಿಣದಲ್ಲಿ 1987ರಿಂದ 89ರವರೆಗೆ ಸಿಂಹಳ ಯುವಕರ ಎಡಪಂಥೀಯ ಪಕ್ಷ ಜೆವಿಪಿಯ ಬಂಡಾಯ, ಅದನ್ನು ಹತ್ತಿಕ್ಕುವ ಹೆಸರಿನಲ್ಲಿ ಸಾವಿರಾರು ಸಿಂಹಳ ಹುಡುಗರು ಮನೆಯಿಂದ ಎದ್ದುಹೋದವರು ವಾಪಸ್ಸು ಬರಲಿಲ್ಲ.

ಇದನ್ನು ನಮ್ಮ ಮನೆಗೆ ತನ್ನಿ. ದೊಡ್ಡವಳ ಗಂಡನಿಗೊಬ್ಬ ತಮ್ಮ ಇದ್ದ, 1989ರಲ್ಲಿ ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಅಂದರೆ ಮುಂದೆ ಒಂದು ದಿನ ಇಬ್ಬರು ಬೀಗಿತ್ತಿಯರೂ ಕಾಣೆಯಾದ ಮಗನ ತಾಯಂದಿರೇ. ಒಬ್ಬಳ ಮಗನನ್ನು ಒಯ್ದ ಸೈನ್ಯದ ಮೇಲೆ ಇನ್ನೊಬ್ಬಳ ಮಗ ಗುಂಡು ಹಾರಿಸುತ್ತಿದ್ದ. ಇಬ್ಬರಿಗೂ ಇನ್ನೊಬ್ಬರ ಭಾಷೆ ಬರುವುದಿಲ್ಲ. ಇಂಥದ್ದೊಂದು ಕೈಗೆ ಸಿಕ್ಕಾಗ ಬರಹಗಾರನಿಗೆ ಒಂದು ಆಸೆ ಹುಟ್ಟುತ್ತದೆ, ಇಬ್ಬರನ್ನೂ ಕೂರಿಸಿ ಕೈ ಹಿಡಿಸಿಬಿಡೋಣ ಅಂತ. ಬೇಡ. ಒಬ್ಬಳು ಇನ್ನೊಬ್ಬಳನ್ನು ಸಹಿಸದೇ ಇರಲಿ. ದುಃಖ ಒಂದೇ ಥರ ಇದ್ದವರೆಲ್ಲ ಹತ್ತಿರವಾಗುತ್ತಾರೆ ಅನ್ನುವುದು ಸಿನಿಮಾದ ನಂಬಿಕೆ.

ಇನ್ನೊಂದು. ನಿಮ್ಮ ಕುಟುಂಬಕ್ಕೂ ಒಂದು ತಪ್ಪು ಇರಲಿ. 1990ರ ಅಕ್ಟೋಬರ್ ಕೊನೆಯಲ್ಲಿ ಎಲ್‌ಟಿಟಿಇ ಉತ್ತರದಿಂದ ಮುಸ್ಲಿಮರನ್ನೆಲ್ಲ ಹೊರಹಾಕಿತು. 70 ಸಾವಿರಕ್ಕೂ ಹೆಚ್ಚು ಜನ. ಜಾಫ್ನಾ ಪಟ್ಟಣದವರಿಗೆ ಸಿಕ್ಕಿದ್ದು ಎರಡು ಗಂಟೆ. ತುಂಬಾ ಜನ ಪುತ್ತಲಂ ಕಡೆ ಹೋಗಿ ಶಿಬಿರಗಳಲ್ಲಿ ವರ್ಷಗಟ್ಟಲೆ ಉಳಿದರು. ಆಮೇಲೆ ಅವರ ಮನೆಯ ಸಾಮಾನು ಅಗ್ಗಕ್ಕೆ ಮಾರಾಟವಾಗುವಾಗ ನಮ್ಮ ಅಮ್ಮ ಒಂದು ಹೊಲಿಗೆ ಮೆಷಿನ್ ತಂದಿದ್ದಾಳೆ ಅಂದುಕೊಳ್ಳಿ. ಯಾರದ್ದು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಮುಂದಿನ ಇನ್ನೂರು ಪುಟ ಆ ಮೆಷಿನ್ ಮನೆಯಲ್ಲಿ ಓಡುತ್ತಿರಲಿ, ನೀವು ಟೀಕೆ ಟಿಪ್ಪಣಿ ಮಾಡಬೇಡಿ. ಓದುಗನಿಗೆ ಕೇಳಿಸುತ್ತದೆ.

ಗಲಭೆ ಬರೆಯುವಾಗ

1983ರ ಜುಲೈ 23ರ ರಾತ್ರಿ ಜಾಫ್ನಾದ ತಿರುನೆಲ್ವೇಲಿಯಲ್ಲಿ ಎಲ್‌ಟಿಟಿಇ ದಾಳಿಗೆ 13 ಸೈನಿಕರು ಸತ್ತರು. ಮರುದಿನ ರಾತ್ರಿ ಕೊಲಂಬೊದ ಬೊರೆಲ್ಲಾದಲ್ಲಿ ತಮಿಳರ ಮೇಲೆ ಶುರುವಾದ ದಾಳಿ ಊರೆಲ್ಲ ಹಬ್ಬಿತು. ಗುಂಪಿನವರ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ಯಾವ ಮನೆ ತಮಿಳರದ್ದು ಅಂತ ಹುಡುಕುವ ಕಷ್ಟವೇ ಇರಲಿಲ್ಲ. ಬೆಂಕಿ, ಕಿರುಚಾಟ ಯಾರು ಬೇಕಾದರೂ ಬರೆಯುತ್ತಾರೆ. ಪಟ್ಟಿ ಹಿಡಿದವನು ಬೆರಳಿಟ್ಟು ಮನೆ ನಂಬರ್ ಹುಡುಕುವುದು, ಪಕ್ಕದವನು ಟಾರ್ಚ್ ಹಿಡಿದು ತೋರಿಸುವುದು, ಇಷ್ಟು ಬರೆದು ನಿಲ್ಲಿಸಿ ನೋಡಿ.

ಹಿಂಸೆಯ ದೃಶ್ಯ ಒಂದು ಪುಟ ದಾಟಬಾರದು ಅನ್ನುವುದು ನನ್ನ ಹಟ. ಆಮೇಲಿನದ್ದಕ್ಕೆ ಹತ್ತು ಪುಟ ಕೊಡಿ. ನಮ್ಮ ಅಪ್ಪನನ್ನು ಆಗ ಬಚ್ಚಿಟ್ಟವರು ಯಾರು? ಸಿಂಹಳ ಬೀಗರು. ಎಷ್ಟೋ ತಮಿಳರನ್ನು ಸಿಂಹಳ ನೆರೆಯವರು ಹೀಗೆ ಉಳಿಸಿದ್ದು ನಿಜವೇ. ಆದರೆ ಕತೆಗಾರರು ಇದನ್ನು ಮಾನವೀಯತೆ ಅಂತ ಹೆಸರು ಕೊಟ್ಟು ಮುಂದೆ ಹೋಗಿಬಿಡುತ್ತಾರೆ. ಸ್ವಲ್ಪ ಅಲ್ಲೇ ನಿಲ್ಲಿ. ಎರಡು ವರ್ಷದಿಂದ ಆ ಮನೆಯ ಹೊಸ್ತಿಲು ತುಳಿಯದ ಮನುಷ್ಯ ಈಗ ಅವರ ಹಿಂದಿನ ಕೋಣೆಯಲ್ಲಿ, ಅಳಿಯನ ಸರೋಂಗ್ ಉಟ್ಟುಕೊಂಡು, ಕೆಮ್ಮು ಬಂದರೆ ದಿಂಬು ಕಚ್ಚಿಕೊಂಡು ಕೂತಿದ್ದಾನೆ. ಬೀಗಿತ್ತಿ ತಟ್ಟೆ ತಂದಿಟ್ಟು ಹೋಗುತ್ತಾಳೆ. ಅವಳು ಬಲವಂತ ಮಾಡಿ ಇನ್ನಷ್ಟು ಬಡಿಸಿದರೂ ಅವನಿಗೆ ಅವಮಾನ, ಬಡಿಸದಿದ್ದರೂ ಅವಮಾನ. ಉಪಕಾರ ಮಾಡಿದವರನ್ನು ಕ್ಷಮಿಸುವುದು ಕೆಲವರಿಗೆ ಬಲು ಕಷ್ಟ. ಆಮೇಲೆ ಶಿಬಿರ, ಅಲ್ಲಿಂದ ಹಡಗಿನಲ್ಲಿ ಜಾಫ್ನಾ ಕಡೆಯ ಬಂದರು ಕಂಕೇಸನ್‌ತುರೈ. ಊರಿಗೆ ಬಂದವನು ಆ ದಿನಗಳ ಬಗ್ಗೆ ಹೆಂಡತಿಗೂ ಹೇಳುವುದಿಲ್ಲ. ಪತ್ರ ಈಗಲೂ ಬರೆಸುವುದಿಲ್ಲ. ಮೊದಲು ಸಿಟ್ಟಿಗೆ ಬರೆಸಲಿಲ್ಲ. ಈಗ ಬರೆದುಕೊಟ್ಟರೆ ಪ್ರಾಣ ಉಳಿಸಿದ್ದಕ್ಕೆ ಕೂಲಿ ಕೊಟ್ಟಂತೆ ಆಗುತ್ತದೆ ಅನ್ನುವುದು ಅವನ ತಲೆಯಲ್ಲಿ.

ದಾರಿ ಮತ್ತು ಕಾಗದ

ಇಂಥ ಕತೆಯಲ್ಲಿ ಕಥಾವಸ್ತುವಿಗೆ ಪರದಾಡಬೇಕಿಲ್ಲ. ಆ ಕಾಲದಲ್ಲಿ ಒಬ್ಬ ಮನುಷ್ಯ ಅಲ್ಲಿಂದ ಇಲ್ಲಿಗೆ ಹೇಗೆ ಹೋಗುತ್ತಿದ್ದ, ಅದಕ್ಕೆ ಯಾವ ಕಾಗದ ಬೇಕಿತ್ತು, ಅಷ್ಟು ತಿಳಿದುಕೊಂಡರೆ ಸಾಕು.

1990ರ ಜೂನ್‌ನಲ್ಲಿ ಜಾಫ್ನಾ ರೈಲು ನಿಂತಿತು, ಮತ್ತೆ ಜಾಫ್ನಾ ಪಟ್ಟಣಕ್ಕೆ ಬಂದದ್ದು 2014ರಲ್ಲಿ. ನಡುವೆ ಕೆಲವು ವರ್ಷ ಕಿಲಾಲಿ ಹಿನ್ನೀರನ್ನು ರಾತ್ರಿ ಹೊತ್ತು ದೋಣಿಯಲ್ಲಿ ದಾಟುತ್ತಿದ್ದರು, ಮೇಲಿಂದ ಗುಂಡು ಬೀಳುವ ಭಯದಲ್ಲೇ. ಕರೆಂಟ್ ಇಲ್ಲ. ಜಾಮ್ ಬಾಟಲಿಯಲ್ಲಿ ಬತ್ತಿ ಹಾಕಿದ ದೀಪ. ರೇಡಿಯೊ ಕೇಳಬೇಕಾದರೆ ಒಬ್ಬರು ಸೈಕಲ್ ಪೆಡಲ್ ತಿರುಗಿಸಬೇಕು, ಡೈನಮೊದಿಂದ ರೇಡಿಯೊ ಓಡಬೇಕು. ವಾರ್ತೆ ಮುಗಿಯುವ ಮೊದಲು ತುಳಿಯುವವನು ಸುಸ್ತಾದರೆ ಅಷ್ಟಕ್ಕೇ ಸುದ್ದಿ ಮುಗಿಯಿತು. ಇಂಥ ವಿವರ ಒಂದು ಅಧ್ಯಾಯಕ್ಕೆ ಒಂದೆರಡು ಸಾಕು, ಪ್ರದರ್ಶನಕ್ಕೆ ಇಟ್ಟಂತೆ ಸಾಲಾಗಿ ಜೋಡಿಸಬೇಡಿ.

ಕಾಗದಕ್ಕೆ ಬರೋಣ. ಎಲ್‌ಟಿಟಿಇ ಹಿಡಿತದ ಜಾಗದಿಂದ ಹೊರಗೆ ಹೋಗಲು ಅವರ ಪಾಸ್ ಬೇಕಿತ್ತು. ಹೋದವರು ವಾಪಸ್ಸು ಬರುತ್ತಾರೆ ಅನ್ನುವುದಕ್ಕೆ ಒಬ್ಬರು ಜಾಮೀನು ನಿಲ್ಲಬೇಕಿತ್ತು. ಇದನ್ನು ಓದಿದಾಗ ನಿಮ್ಮೊಳಗಿನ ಕತೆಗಾರ ಎದ್ದು ಕೂರಬೇಕು, ಅಲ್ವಾ? 1994 ಅಂದುಕೊಳ್ಳಿ. ದೊಡ್ಡವಳಿಗೆ ಆಪರೇಷನ್, ಅಮ್ಮ ಕೊಲಂಬೊಗೆ ಹೋಗಬೇಕು. ಅಪ್ಪ ತೀರಿಕೊಂಡು ಮೂರು ವರ್ಷ. ಜಾಮೀನು ನಿಲ್ಲುವವರು ಯಾರು? ಅಮ್ಮನ ತಮ್ಮ ಒಪ್ಪುತ್ತಾನೆ.

"ಅಕ್ಕಾ, ಹದಿನೈದು ದಿನ ಅಂತ ಬರೆಸಿದ್ದೀನಿ. ಹದಿನಾರನೇ ದಿನ ಅವರು ಬರೋದು ನಮ್ಮನೆ ಬಾಗಿಲಿಗೆ."

"ಬರ್ತೀನಿ ಕಣೋ. ನಾನೇನು ಅಲ್ಲಿ ಮನೆ ಮಾಡ್ತೀನಾ?"

ಆಪರೇಷನ್ ಮುಂದಕ್ಕೆ ಹೋಗುತ್ತದೆ. ಅಮ್ಮ ಉಳಿದುಬಿಡುತ್ತಾಳೆ, ಎರಡು ತಿಂಗಳು. ವಾಪಸ್ಸು ಬಂದಾಗ ತಮ್ಮ ಮನೆಯಲ್ಲೇ ಇದ್ದಾನೆ, ಆರೋಗ್ಯವಾಗಿಯೇ ಇದ್ದಾನೆ, ಅಕ್ಕನ ಜೊತೆ ಮಾತಿಲ್ಲ. ಆ ಎರಡು ತಿಂಗಳಲ್ಲಿ ಏನಾಯಿತು ಅಂತ ನೀವು ಹೇಳದಿದ್ದರೂ ನಡೆಯುತ್ತದೆ. ಅಕ್ಕ ಕೇಳಲಿಲ್ಲ ಅನ್ನುವುದೇ ಅವನ ಸಿಟ್ಟು.

ಇನ್ನೊಂದು ಕಡೆಯ ಕಾಗದಗಳೂ ಇವೆ. ಕೊಲಂಬೊ ಲಾಡ್ಜ್‌ಗಳಲ್ಲಿದ್ದ ತಮಿಳರು ಯಾಕೆ ಬಂದಿರಿ, ಎಷ್ಟು ದಿನ ಅಂತ ಪೊಲೀಸರಿಗೆ ಉತ್ತರ ಕೊಡುತ್ತಲೇ ಇರಬೇಕಿತ್ತು. 2007ರ ಜೂನ್‌ನಲ್ಲಿ ಅಂಥ 376 ಜನರನ್ನು ಬಸ್ಸಿಗೆ ಹತ್ತಿಸಿ ಊರಿಂದಾಚೆ ಕಳಿಸಿದ್ದರು, ಸುಪ್ರೀಂ ಕೋರ್ಟ್ ಮಧ್ಯೆ ಬಂದು ತಡೆಯಿತು.

ಜೊತೆಗೆ ಒಂದು ಕಸರತ್ತು ಮಾಡಿ: ಪ್ರತಿ ಸಾವಿಗೂ ಎರಡು ತಾರೀಖು ಬರೆದಿಡಿ, ಸತ್ತ ದಿನ ಮತ್ತು ಸುದ್ದಿ ತಲುಪಿದ ದಿನ. 1991ರಲ್ಲಿ ಅಪ್ಪ ಸತ್ತಾಗ ಕೊಲಂಬೊದ ಮಗಳಿಗೆ ಆರು ವಾರ ಗೊತ್ತಾಗಲಿಲ್ಲ ಅಂತಿಟ್ಟುಕೊಳ್ಳಿ. ಆ ಆರು ವಾರದಲ್ಲಿ ಅವಳು ಏನೇನು ಮಾಡಿದಳು, ಮಗುವಿನ ಹುಟ್ಟುಹಬ್ಬ ಮಾಡಿದಳೇ, ಅಪ್ಪನ ಮೇಲಿನ ಸಿಟ್ಟಿಗೆ ಒಂದು ಪತ್ರ ಬರೆದಳೇ? ಅದು ಯಾರ ಕೈ ಸೇರಿತು?

ಬೇರೆ ದೇಶದ ಕತೆ ಬರೆಯುತ್ತಿದ್ದರೂ ಇದೇ ದಾರಿ. ರುವಾಂಡದಲ್ಲಿ ಗುರುತಿನ ಚೀಟಿಯಲ್ಲೇ ಹುಟು, ಟುಟ್ಸಿ ಅಂತ ಬರೆದಿರುತ್ತಿತ್ತು, ಮಕ್ಕಳಿಗೆ ಅಪ್ಪನದ್ದೇ ಬರುತ್ತಿತ್ತು. ಅಂದರೆ 1994ರಲ್ಲಿ ಟುಟ್ಸಿಗಳ ನರಮೇಧ ನಡೆದಾಗ, ಅಪ್ಪ ಹುಟು, ಅಮ್ಮ ಟುಟ್ಸಿ ಆದ ಒಂದೇ ಮನೆಯಲ್ಲಿ ತಾಯಿಯ ಚೀಟಿ ಸಾವು, ಮಕ್ಕಳ ಚೀಟಿ ಬದುಕು. ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಿಯಾಫ್ರಾದ ಯುದ್ಧ 1970ರಲ್ಲಿ ಮುಗಿದ ಮೇಲೆ ನೈಜೀರಿಯಾ ಸರ್ಕಾರ ಆ ಕಡೆಯವರಿಗೆ ಬ್ಯಾಂಕಿನಲ್ಲಿ ಎಷ್ಟೇ ಇದ್ದಿರಲಿ 20 ಪೌಂಡ್ ಮಾತ್ರ ಕೊಟ್ಟಿತು. ಸೈಪ್ರಸ್‌ನಲ್ಲಿ ದ್ವೀಪವನ್ನು ಇಬ್ಭಾಗ ಮಾಡಿ 1974ರಲ್ಲಿ ಮುಚ್ಚಿದ ಗೆರೆ 2003ರ ಏಪ್ರಿಲ್‌ನಲ್ಲಿ ತೆರೆದಾಗ ಜನ ಸಾಲುಗಟ್ಟಿ ಹೋಗಿ ತಮ್ಮ ಹಳೆಯ ಮನೆಯ ಬಾಗಿಲು ತಟ್ಟಿದರು, ಒಳಗಿನಿಂದ ಬೇರೆಯವರು ಬಂದು ತೆರೆದರು. ಒಂದೊಂದರಲ್ಲೂ ಒಂದು ಕಾದಂಬರಿ ಇದೆ.

ಮಾತು ಯಾವ ಭಾಷೆಯದ್ದು

ಕನ್ನಡದಲ್ಲಿ ಬರೆಯುವಾಗ ಎಲ್ಲರೂ ಕನ್ನಡವೇ ಆಡುತ್ತಾರೆ, ಇರಲಿ. ಆದರೆ ಈ ಕೋಣೆಯಲ್ಲಿ ಈಗ ಯಾವ ಭಾಷೆ ನಡೆಯುತ್ತಿದೆ, ಯಾರಿಗೆ ಅರ್ಥವಾಗುತ್ತಿಲ್ಲ ಅನ್ನುವುದು ಬರೆಯುವವರಿಗೆ ಪ್ರತಿ ಸಾಲಿನಲ್ಲೂ ಗೊತ್ತಿರಬೇಕು. ನಮ್ಮ ಮನೆಯ ಅಮ್ಮಮ್ಮನಿಗೆ ಸಿಂಹಳ ಬರುವುದಿಲ್ಲ, ಕೊಲಂಬೊದ ಮೊಮ್ಮಗಳಿಗೆ ತಮಿಳು ಅಷ್ಟಕ್ಕಷ್ಟೇ. ನಡುವೆ ದೊಡ್ಡವಳು ಕೂತು ಇಬ್ಬರಿಗೂ ಹೇಳುತ್ತಾಳೆ. ಹೇಳುವಾಗ ಚುಚ್ಚುಮಾತೆಲ್ಲ ತೆಗೆದು ಹೇಳುತ್ತಾಳೆ. ಓದುಗನಿಗೆ ಎರಡೂ ಕೇಳಿಸಲಿ, ಅಮ್ಮಮ್ಮ ನಿಜಕ್ಕೂ ಅಂದದ್ದು ಮತ್ತು ಮಗಳು ತಲುಪಿಸಿದ್ದು. ಮೊಮ್ಮಗಳು ಬೆಳೆದು ತಮಿಳು ಕಲಿತ ದಿನ ಏನಾಗುತ್ತದೆ ಅನ್ನುವುದು ನಿಮಗೆ ಪುಕ್ಕಟೆ ಸಿಕ್ಕ ಅಧ್ಯಾಯ.

ಒಂದು ಕಡೆಯವರಿಗೆ ಚಂದದ ಕನ್ನಡ, ಇನ್ನೊಂದು ಕಡೆಯವರಿಗೆ ಮುರುಕು ಕನ್ನಡ ಕೊಡುವ ಚಟ ಇದ್ದರೆ ಬಿಟ್ಟುಬಿಡಿ. ಯಾರ ಕಡೆ ನೀವಿದ್ದೀರಿ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ಇಬ್ಬರು ಪಾತ್ರಗಳು ತಮಗಿಬ್ಬರಿಗೂ ಗೊತ್ತಿರುವ ಇತಿಹಾಸವನ್ನು ಒಬ್ಬರಿಗೊಬ್ಬರು ವಿವರಿಸುವ ಸಂಭಾಷಣೆ ಇದ್ದರೆ ಅದನ್ನೂ ಹೊಡೆದುಹಾಕಿ.

ಅನುಭವಿಸಿದವರನ್ನು ಮಾತಾಡಿಸುವ ಅವಕಾಶ ಸಿಕ್ಕರೆ, ನಿಮಗೆ ಆಗ ಹೇಗನ್ನಿಸಿತು ಅಂತ ಕೇಳಬೇಡಿ. ದಾರಿ ಕೇಳಿ. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿಸಿದರು, ರಾತ್ರಿ ಎಲ್ಲಿ ಮಲಗಿದಿರಿ. ಉಳಿದದ್ದನ್ನು ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ. ಹೇಳಿದ್ದನ್ನು ಅವರ ಗುರುತು ಸಿಗದ ಹಾಗೆ ಬದಲಿಸಿಯೇ ಬಳಸಿ, ಅವರ ಸಂಬಂಧಿಕರು ಇನ್ನೂ ಅಲ್ಲೇ ಬದುಕುತ್ತಿರಬಹುದು.

ಮತ್ತೆ ಸೇರುವ ದಿನ

ದಕ್ಷಿಣ ಕೊರಿಯಾದ ಕೆಬಿಎಸ್ ವಾಹಿನಿ 1983ರಲ್ಲಿ ಕೊರಿಯಾ ಯುದ್ಧದಲ್ಲಿ ಚದುರಿದ ಮನೆಯವರನ್ನು ಹುಡುಕುವ ನೇರಪ್ರಸಾರ ಶುರು ಮಾಡಿ 138 ದಿನ ನಡೆಸಿತು, ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಸೇರಿದವು. ಆ ಅಳುವನ್ನು ಟಿವಿ ತೋರಿಸಿಯಾಗಿದೆ. ಕತೆ ತೋರಿಸಬೇಕಾದದ್ದು ಅಳು ಮುಗಿದ ಅರ್ಧ ಗಂಟೆಯ ಮೇಲಿನದ್ದು, ಮಾತು ಮುಗಿದುಹೋಗಿ ಯಾರೋ ಹವೆಯ ಬಗ್ಗೆ ಮಾತೆತ್ತುವ ಹೊತ್ತು.

2002ರಲ್ಲಿ ಕದನವಿರಾಮ ಆಯಿತು, ಜಾಫ್ನಾಗೆ ಹೋಗುವ ಎ9 ಹೆದ್ದಾರಿ ತೆರೆಯಿತು. ಎಲ್‌ಟಿಟಿಇಯವರು ಆಯುಧ ಇಲ್ಲದೆ ಸರ್ಕಾರದ ಹಿಡಿತದ ಜಾಫ್ನಾಗೆ ಬಂದು ಹೋಗಬಹುದಿತ್ತು. ಅಂದರೆ ನಮ್ಮ ಮನೆಯ ಮೂವರೂ ಒಂದೇ ಊಟಕ್ಕೆ ಕೂರಲು ಇದೊಂದೇ ಕಾಲ. ಟೊರಾಂಟೊದವನು ರಜೆ ಹಾಕಿ ಬಂದಿದ್ದಾನೆ. ಅವನಿಗೆ ಊರು 1986ರಲ್ಲಿ ಹೇಗಿತ್ತೋ ಹಾಗೇ ಇರಬೇಕು. ದೊಡ್ಡವಳು ಸಿಂಹಳ ಗಂಡನ ಜೊತೆ ಓಮಂತೈ ತಪಾಸಣೆ ದಾಟಿ ಬಂದಿದ್ದಾಳೆ. ಕಿರಿಯವನು ಕಾಡಿನಿಂದ. ಅವನೂ ಭಾವನೂ ಎದುರುಬದುರು.

ಇಲ್ಲಿ ಯುದ್ಧದ ಚರ್ಚೆ ಆಗುತ್ತದೆ ಅಂತ ಎಲ್ಲರೂ ಕಾಯುತ್ತಿರುತ್ತಾರೆ. ದೊಡ್ಡವಳು ತಲೆ ಎತ್ತಿ ಹೆಂಚು ನೋಡುತ್ತಾಳೆ. ಹೊಸದು. "ಯಾವಾಗ ಹಾಕಿಸಿದ್ದು?" ಅನ್ನುತ್ತಾಳೆ. "ನಾನು ಕಳಿಸಿದ ದುಡ್ಡಲ್ಲಿ" ಅನ್ನುತ್ತಾನೆ ಟೊರಾಂಟೊದವನು, ಅವಳು ಅದನ್ನು ಕೇಳಿಯೇ ಇರಲಿಲ್ಲ. "ನನ್ನ ಮನೆಗೆ ಹೆಂಚು ಹಾಕೋಕೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" "ನಿನ್ನ ಮನೆ ಅಂತ ಎಲ್ಲಿ ಬರೆದಿದೆ ಅಕ್ಕ?" ಇಪ್ಪತ್ತೊಂದು ವರ್ಷದ ಹಿಂದೆ ನಿಂತಿದ್ದ ಜಗಳ ಅಲ್ಲಿಂದಲೇ ಮುಂದುವರಿಯುತ್ತದೆ. ಕಿರಿಯವನು ಸುಮ್ನೆ ಅನ್ನ ಕಲಸುತ್ತಿರುತ್ತಾನೆ. ಅಪ್ಪನ ಕೊನೆಯ ದಿನಗಳಲ್ಲಿ ಹತ್ತಿರ ಇದ್ದವನು ಅವನೊಬ್ಬನೇ, ಅಪ್ಪ ಏನು ಹೇಳಿದ ಅಂತ ಅವನನ್ನು ಯಾರೂ ಕೇಳುವುದಿಲ್ಲ. ಅವನಿಂದ ಹೇಳಿಸಲೂ ಬೇಡಿ.

ಕೊನೆ ಎಲ್ಲಿ

2006ರಲ್ಲಿ ರಸ್ತೆ ಮತ್ತೆ ಮುಚ್ಚಿತು. 2009ರ ಮೇ 18ರ ಹೊತ್ತಿಗೆ ಈಶಾನ್ಯ ಕರಾವಳಿಯ ಮುಳ್ಳಿವಾಯ್ಕಾಲ್‌ನಲ್ಲಿ ಎಲ್‌ಟಿಟಿಇ ಸೋತು ಯುದ್ಧ ಮುಗಿಯಿತು. ಕೊನೆಯ ದಿನ ವಟ್ಟುವಾಕಲ್ ಸೇತುವೆ ದಾಟಿ ಸೈನ್ಯಕ್ಕೆ ಒಪ್ಪಿಸಿಕೊಂಡವರಲ್ಲಿ ಎಷ್ಟೋ ಜನರ ಸುಳಿವು ಇವತ್ತಿಗೂ ಇಲ್ಲ. ಕಿರಿಯವನನ್ನು ಅಲ್ಲಿ ನೋಡಿದ್ದಾಗಿ ಯಾರೋ ಹೇಳುತ್ತಾರೆ. ಕಾಣೆಯಾದವರ ಮನೆಯವರು 2017ರ ಫೆಬ್ರವರಿಯಿಂದ ಕಿಲಿನೊಚ್ಚಿಯಲ್ಲಿ ಧರಣಿ ಕೂತರು, ನಮ್ಮ ಅಮ್ಮನ ವಯಸ್ಸು ಆಗ ಎಂಬತ್ತು ದಾಟಿತ್ತು, ಅವಳು ಹೋಗಬಹುದು, ಹೋಗದೆಯೂ ಇರಬಹುದು.

ನಾನಾದರೆ ಕತೆಯನ್ನು ಕಚೇರಿಯ ಅರ್ಜಿಗೆ ತಂದು ನಿಲ್ಲಿಸುತ್ತೇನೆ. ಶ್ರೀಲಂಕಾದಲ್ಲಿ ಮರಣ ನೋಂದಣಿ ಕಾನೂನಿಗೆ 2016ರಲ್ಲಿ ಆದ ತಿದ್ದುಪಡಿ ಕಾಣೆಯಾದವರ ಮನೆಯವರಿಗೆ ಎರಡು ದಾರಿ ಕೊಟ್ಟಿತು: ಮರಣ ಪತ್ರ ತೆಗೆದುಕೊಳ್ಳಬಹುದು, ಇಲ್ಲವಾದರೆ ಆ ವ್ಯಕ್ತಿ ಇಲ್ಲಿಲ್ಲ ಅಂತಷ್ಟೇ ಹೇಳುವ ಗೈರುಹಾಜರಿ ಪತ್ರ. ಬೋಸ್ನಿಯಾದಲ್ಲಿ ಇಂಥದ್ದೇ ಇನ್ನೊಂದು ಇಕ್ಕಟ್ಟು. ಸ್ರೆಬ್ರೆನಿಕಾ ಹತ್ಯಾಕಾಂಡದಲ್ಲಿ ಸತ್ತವರ ಮೂಳೆ ಬೇರೆ ಬೇರೆ ಗುಂಡಿಗಳಲ್ಲಿ ಸಿಗುತ್ತಿದ್ದವು, ಡಿಎನ್ಎ ಪರೀಕ್ಷೆಯಲ್ಲಿ ಒಂದಿಷ್ಟು ಗುರುತಾದ ಮೇಲೆ ಅಷ್ಟನ್ನೇ ಮಣ್ಣು ಮಾಡಬೇಕೋ ಉಳಿದದ್ದಕ್ಕೆ ಕಾಯಬೇಕೋ ಅಂತ ಮನೆಯವರೇ ತೀರ್ಮಾನಿಸಬೇಕಿತ್ತು. ನಮ್ಮ ಮನೆಯಲ್ಲಿ ಪತ್ರವಿಲ್ಲದ ಮನೆ ಪಾಲಾಗಬೇಕಾದರೆ ಕಿರಿಯವನು ಬದುಕಿದ್ದಾನೋ ಸತ್ತಿದ್ದಾನೋ ಅಂತ ಯಾವುದಾದರೂ ಒಂದು ಕಾಗದ ಹೇಳಲೇಬೇಕು. ಟೊರಾಂಟೊದವನಿಗೆ ಮರಣ ಪತ್ರ ಬೇಕು. ದೊಡ್ಡವಳಿಗೆ ಮನೆ ಬೇಕು, ಆದರೆ ಹಾಗೆ ಬೇಡ. ಅಮ್ಮ ಎರಡಕ್ಕೂ ಸಹಿ ಹಾಕುವುದಿಲ್ಲ.

ಸಣ್ಣಕತೆ ಬರೆಯುವುದಾದರೆ ಈ ಅರ್ಜಿಯ ದಿನವೊಂದೇ ಸಾಕು. 1983, ಜಾಮೀನು, ಹೆಂಚು ಎಲ್ಲವೂ ಒಂದೊಂದು ಮಾತಿನಲ್ಲಿ ಬಂದು ಹೋಗಲಿ. ಕಾದಂಬರಿಯಾದರೆ 2002ರ ಊಟವನ್ನು ಸರಿಯಾಗಿ ನಡುವಿಗೆ ಇಟ್ಟುಕೊಳ್ಳಿ, 2009ನ್ನು ಕಣ್ಣಾರೆ ತೋರಿಸಲು ಹೋಗಬೇಡಿ. ಅಲ್ಲಿ ಕಿರಿಯವನ ಜೊತೆ ಈ ಮನೆಯವರು ಯಾರೂ ಇರಲಿಲ್ಲ. ಅವರಿಗೆ ಎಷ್ಟು ಗೊತ್ತೋ ಓದುಗನಿಗೂ ಅಷ್ಟೇ ಗೊತ್ತಾಗಲಿ.